ಗರಗಸಕ್ಕೆ ಕಟ್ಟಿದ ಅರಿಶಿನದ ಕೊಂಬು

ನನ್ನ ಮೇಜಿನ ಖಾನೆಯಲ್ಲಿ ದಾರ ಸುತ್ತಿದ ಒಂದು ಅರಿಶಿನದ ಕೊಂಬು ಇದೆ. ಇದನ್ನು ನಾನಾಗಿ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಸ್ಟೇಪ್ಲರ್ ಹುಡುಕಲು ನನ್ನ ಖಾನೆ ಎಳೆದರು, ಸ್ಟೇಪ್ಲರ್ ಮರೆತರು, ಖಾನೆಯನ್ನು ಮೆಲ್ಲಗೆ ಮುಚ್ಚಿದರು. ಮದುವೆಯಾಗದ ಹೆಣ್ಣಿನ ಖಾನೆಯಲ್ಲಿ ಅಂಥದ್ದು ಕಂಡರೆ ನಮ್ಮ ಕಡೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಚಿನ್ನಕ್ಕೆ ಗತಿಯಿಲ್ಲದವರು, ಅವಸರದಲ್ಲಿ ಊರು ಬಿಟ್ಟವರು ತಾಳಿಯ ಬದಲು ಕಟ್ಟಿಕೊಳ್ಳುವುದು ಅದನ್ನೇ. ಸಂಜೆಯ ಹೊತ್ತಿಗೆ ಇಡೀ ವಿಭಾಗ ನನ್ನನ್ನು ವಿಶೇಷ ಮರ್ಯಾದೆಯಿಂದ ನೋಡತೊಡಗಿತು. ಒಬ್ಬರಂತೂ ಮನೆಯಲ್ಲಿ ಒಪ್ಪಿದ್ದಾರಾ ಎಂದು ಕೇಳಿಯೇಬಿಟ್ಟರು. ಇಂಥವಕ್ಕೆಲ್ಲ ಉತ್ತರ ಕೊಡುವ ಅಭ್ಯಾಸ ನನಗಿಲ್ಲ, ಕೊಡಲಿಲ್ಲ. ನಿಮಗೆ ಹೇಳಬಹುದು, ನೀವು ನನ್ನ ಖಾನೆ ಎಳೆಯುವ ಸಂಭವ ಕಡಿಮೆ. ಆ ಕೊಂಬನ್ನು ಕಟ್ಟಿದ್ದು ನನ್ನ ಕೊರಳಿಗಲ್ಲ, ಒಂದು ಗರಗಸಕ್ಕೆ.

ಗರಗಸವೂ ನಮ್ಮದಲ್ಲ, ಎರವಲು ತಂದದ್ದು. ನಮ್ಮೂರು ಹೊಳಲ್ಕೆರೆ ತಾಲ್ಲೂಕಿನಲ್ಲಿ, ತಾಳ್ಯಕ್ಕೆ ಹತ್ತಿರ. ಅಲ್ಲಿ ಎರವಲು ತರುವುದು ಇಲ್ಲದವರ ಲಕ್ಷಣವಲ್ಲ, ನಾಲ್ಕು ಮನೆಯ ಒಡನಾಟದ ಬಳಕೆ ಇರುವವರ ಲಕ್ಷಣ. ಯಾರ ಮನೆಯಿಂದಲೂ ಏನನ್ನೂ ತಾರದೆ ಬದುಕುವವರನ್ನು ಜನ ಅನುಮಾನದಿಂದ ನೋಡುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆಲ್ಲ ಒಂದೇ ಶಾವಿಗೆ ಮಣೆ ಇತ್ತು. ಉದ್ದನೆಯ ಹಲಗೆ, ಒಂದು ತುದಿಯನ್ನು ಗೋಡೆಯ ಗೂಡಿಗೆ ಸಿಕ್ಕಿಸಿ, ನಡುವೆ ಹಿಟ್ಟಿನ ಅಚ್ಚಿಟ್ಟು, ಇನ್ನೊಂದು ತುದಿಗೆ ಭಾರ ಹಾಕಬೇಕು. ಭಾರವೆಂದರೆ ಮಕ್ಕಳು. ಅಕ್ಕನೂ ನಾನೂ ಹಲಗೆಯ ತುದಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಅಂಟಿ ಕೂತು ತೂಗುತ್ತಿದ್ದರೆ ಅಚ್ಚಿನ ತೂತುಗಳಿಂದ ಶಾವಿಗೆ ಎಳೆಎಳೆಯಾಗಿ ಇಳಿಯುತ್ತಿತ್ತು. ಅಕ್ಕ ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ನಾನು ಆಗಲೂ ಸುಮ್ಮನೆ ತೂಗುತ್ತಿದ್ದೆ. ಪಂಚೆಯ ಮೇಲೆ ಒಣಗಲು ಹರವಿದ ಎಳೆಗಳನ್ನು ಕದ್ದು ಹಸಿಯಾಗಿಯೇ ತಿಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡದ್ದುಂಟು. ಆ ಮಣೆ ಮೂಲದಲ್ಲಿ ಯಾರದೆಂದು ಯಾರಿಗೂ ನೆನಪಿರಲಿಲ್ಲ. ಬೇಕಾದವರು ಮನೆಯಿಂದ ಮನೆಗೆ ಕೇಳಿಕೊಂಡು ಹೋಗುತ್ತಿದ್ದರು. ಮಣೆ ಸಿಗುವ ಹೊತ್ತಿಗೆ ಬೀದಿಯ ಸುದ್ದಿಯೆಲ್ಲ ಸಿಕ್ಕಿರುತ್ತಿತ್ತು.

ಎರವಲಿಗೂ ಶಾಸ್ತ್ರವಿದೆ. ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ, ಹೆಪ್ಪು ಕೊಡುವಂತಿಲ್ಲ. ಪಾತ್ರೆ ತಂದರೆ ಬರಿದಾಗಿ ಹಿಂದಿರುಗಿಸುವಂತಿಲ್ಲ. ಕುಡುಗೋಲನ್ನಂತೂ ಕೈಯಿಂದ ಕೈಗೆ ಕೊಡುವಂತೆಯೇ ಇಲ್ಲ. ಕೊಡುವವರು ನೆಲಕ್ಕಿಡಬೇಕು, ತೆಗೆದುಕೊಳ್ಳುವವರು ಎತ್ತಿಕೊಳ್ಳಬೇಕು. ಬೆರಳು ಕೊಯ್ದೀತೆಂಬ ಮುನ್ನೆಚ್ಚರಿಕೆ ಇದು ಎಂದು ನಾನು ಬಹಳ ಕಾಲ ನಂಬಿದ್ದೆ, ನಮ್ಮ ಹಿರಿಯರ ಬಗ್ಗೆ ಹೆಮ್ಮೆಯನ್ನೂ ಪಟ್ಟಿದ್ದೆ. ಆಮೇಲೆ ತಿಳಿಯಿತು, ಹಾಗಲ್ಲ. ಕೈಯಿಂದ ಕೈಗೆ ಕೊಟ್ಟರೆ ಎರಡು ಮನೆಗಳ ನಡುವೆ ಜಗಳ ಬರುತ್ತದಂತೆ. ಬೆರಳಿನ ಯೋಚನೆ ಯಾರಿಗೂ ಇರಲೇ ಇಲ್ಲ. ಬೆರಳು ಹೋದರೆ ಹೋಯಿತು, ಬಳಕೆ ಹೋಗಬಾರದು. ಇಷ್ಟು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ದಸರಾ ಕಳೆದ ಮೇಲೆ ಒಂದು ಸಂಜೆ ಬೀಸಿದ ಗಾಳಿಮಳೆಗೆ ನಮ್ಮ ಹಿತ್ತಲಿನ ಬೇವಿನ ಮರದ ತೋರ ಕೊಂಬೆಯೊಂದು ಸೀಳಿತು. ಸೀಳಿ ಬಿದ್ದಿದ್ದರೆ ಚಿಂತೆಯಿರಲಿಲ್ಲ. ಅದು ಬೀಳದೆ ಕುರಿರೊಪ್ಪದ ತಗಡಿನ ಮೇಲೆ ಜೋತುಕೊಂಡಿತು. ತಗಡಿನ ಕೆಳಗೆ ಆಗತಾನೆ ಮರಿ ಹಾಕಿದ ಕುರಿಗಳಿದ್ದವು. ಅಪ್ಪ ಕೊಡಲಿ ಮಸೆಯಲು ಕೂತರು. ಕುರಿಗೆ ಸೊಪ್ಪು ಕೊಯ್ಯುವ ಉದ್ದನೆಯ ಕೊಕ್ಕೆಗೋಲು, ಅದೇ ದೋಟಿ, ಅದನ್ನು ಹಿಡಿದೇ ಅಪ್ಪ ಬೆಳೆದದ್ದು. ಮರ ಅವರಿಗೆ ಹೊಸದಲ್ಲ. ಆದರೆ ಅಷ್ಟರಲ್ಲಿ ದೊಡ್ಡಪ್ಪ ಬಂದರು. ದೊಡ್ಡಪ್ಪ ಅಪ್ಪನ ಅಣ್ಣ. ಕೆಲಸ ಮಾಡುವವರಿಗೆ ಕೆಲಸ ಹೇಳುವುದು ಅವರ ಕಸುಬು, ಅದಕ್ಕೆ ಅವರು ರಜೆ ಹಾಕಿದ್ದನ್ನು ಯಾರೂ ಕಂಡಿಲ್ಲ.

"ಕೊಡ್ಲಿ ಕಾಲ ಹೋತು ಕಣಲೇ," ಎಂದರು. "ಬೀಗ್ರ ಮನ್ಯಾಗೆ ಮಿಷನ್ ಐತೆ. ನಾನೇ ಕಣ್ಣಾರೆ ನೋಡೀನಿ. ಬೆಣ್ಣೆ ಕೊಯ್ದಂಗೆ ಕೊಯ್ತೈತೆ."

ಬೀಗರೆಂದರೆ ಅಕ್ಕನ ಗಂಡನ ಮನೆಯವರು, ಭರಮಸಾಗರದವರು. ಅಕ್ಕನ ಮದುವೆಯಾಗಿ ಆಗಿನ್ನೂ ಒಂದು ವರ್ಷ. ಅವಳು ಆ ಮನೆಯಲ್ಲಿ ಇನ್ನೂ ತಕ್ಕಡಿಯಲ್ಲೇ ಇದ್ದಳು. ನಮ್ಮ ಮನೆಯಿಂದ ಹೋದ ಪಲ್ಯದಲ್ಲಿ ಉಪ್ಪು ಹೆಚ್ಚಾದರೆ ಅದು ಅವಳ ಲೆಕ್ಕಕ್ಕೆ. ಅಪ್ಪ ಅಲ್ಲಿ ಊಟಕ್ಕೆ ಕೂತು ಎರಡನೇ ಸಲ ಅನ್ನ ಬೇಡವೆಂದರೆ ಅದೂ ಅವಳ ಲೆಕ್ಕಕ್ಕೆ. ಕೇಳಿದ್ದಕ್ಕೆ ಉತ್ತರ ಕೊಡುವುದು ಬಿಟ್ಟರೆ ಅವಳು ಅಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ. ಅಂಥವಳ ಕೈಯಲ್ಲಿ ದೊಡ್ಡಪ್ಪ ಗರಗಸ ಕೇಳಿಸಿದರು. ಆ ಸಂಜೆ ಅಕ್ಕ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು: "ಕೊಡ್ತಾರಂತೆ. ಆದ್ರೆ ಅಪ್ಪಾ, ಹೆಂಗ್ ಕೊಡ್ತಾರೋ ಹಂಗೇ ವಾಪಸ್ ಬರ್ಬೇಕು. ಒಂದ್ ಗೀಟು ಬಿದ್ರೂ ನಂಗೇ ಬರ್ತೈತೆ."

ಶನಿವಾರ ನಾನು ಚಿತ್ರದುರ್ಗದಿಂದ ಊರಿಗೆ ಹೋದಾಗ ಮಿಷನ್ನು ನಡುಮನೆಯ ಕುರ್ಚಿಯ ಮೇಲೆ ವಿರಾಜಮಾನವಾಗಿತ್ತು. ಅವ್ವ ನೆಲದ ಮೇಲಿದ್ದಳು. ಉದ್ದ ಕೋಲು, ತುದಿಯಲ್ಲಿ ಮೊಳಕ್ಕಿಂತ ಗಿಡ್ಡನೆಯ ಅಲಗು, ಅಲಗಿನ ಸುತ್ತ ಓಡುವ ಹಲ್ಲಿನ ಚೈನು. ಬುಡದಲ್ಲಿ ಹಿಡಿ, ಹಿಡಿಯಲ್ಲಿ ಗುಂಡಿ. ಒತ್ತಿದರೆ ಓಡಬೇಕು, ಬಿಟ್ಟರೆ ನಿಲ್ಲಬೇಕು. ಒಟ್ಟಿನಲ್ಲಿ ಕರೆಂಟಿನ ದೋಟಿ. ಆಯುಧಪೂಜೆಯ ಕುಂಕುಮ ಇನ್ನೂ ಮಾಸಿರಲಿಲ್ಲ. ಮದುವೆಯ ಮನೆಯಲ್ಲಿ ಒನಕೆಗೆ ಅರಿಶಿನದ ಕೊಂಬು ಕಟ್ಟುವ ಹಾಗೆ ಅಕ್ಕನ ಅತ್ತೆ ಇದಕ್ಕೂ ಒಂದು ಕೊಂಬು ಕಟ್ಟಿದ್ದರು. ಎಲ್ಲಿ ಕಟ್ಟಿದ್ದರೆಂದರೆ, ಗುಂಡಿಯ ಮೇಲೆ. ದಾರವನ್ನು ಎಷ್ಟು ಭಕ್ತಿಯಿಂದ ಬಿಗಿದಿದ್ದರೆಂದರೆ ಗುಂಡಿ ಒಳಗೆ ಕುಸಿದು ಅಲ್ಲೇ ಉಳಿದಿತ್ತು. ಅಕಸ್ಮಾತ್ ಓಡದಿರಲೆಂದು ಮಾಡಿದ್ದ ಪಕ್ಕದ ಇನ್ನೊಂದು ಪುಟ್ಟ ಗುಂಡಿಯನ್ನೂ ಭಕ್ತಿ ಬಿಟ್ಟಿರಲಿಲ್ಲ.

ಕನ್ನಡಕ, ಕೈಗವಸು, ಅಲಗಿನ ಮುಚ್ಚಳ, ಬಳಸುವ ವಿಧಾನದ ಪುಸ್ತಕ ಇವೆಲ್ಲ ಏನಾದವೆಂದು ಕೇಳಿದೆ. ಅವೆಲ್ಲ ಹೊಸವಂತೆ; ಕೊಳೆಯಾದಾವೆಂದು ಬೀಗರು ಬೀರುವಿನಲ್ಲೇ ಇಟ್ಟುಕೊಂಡಿದ್ದರು. ಅಂದರೆ ಕೈ ಕೊಯ್ಯುವುದನ್ನು ಎರವಲು ಕೊಟ್ಟು, ಕೈ ಕಾಯುವುದನ್ನು ಜೋಪಾನ ಮಾಡಿದ್ದರು. ಫೋನ್ ಮಾಡಿ ಕೇಳಬಹುದಲ್ಲ ಎಂದೆ. ಮನೆ ಇಡೀ ನನ್ನನ್ನು ನೋಡಿತು. ಬೀಗರ ಮನೆಯಿಂದ ಒಂದು ತಂದ ಮೇಲೆ ಇನ್ನೊಂದನ್ನು ಕೇಳುವುದೆಂದರೆ ಕೊಟ್ಟದ್ದು ಸಾಲದು ಎಂದ ಹಾಗೆ. ಕನ್ನಡಕ ಕೇಳುವುದಂತೂ ನಿಮ್ಮ ಮಿಷನ್ ಕಣ್ಣು ಕಳೆಯುವಂಥದ್ದು ಎಂದ ಹಾಗೆ. ಸರಿ, ಈ ದಾರವನ್ನಾದರೂ ಬಿಚ್ಚೋಣ ಎಂದೆ. ಆಗ ಯಾರೂ ನನ್ನ ಕಡೆ ನೋಡಲೂ ಇಲ್ಲ. ಪೂಜೆಯ ದಾರ ತಾನಾಗಿ ಬೀಳಬೇಕು. ಕೈಯಾರೆ ತೆಗೆದರೆ ಕಟ್ಟಿದವರ ಮನೆಗೆ ಕೇಡು ಬಯಸಿದಂತೆ. ಆ ಮನೆಯಲ್ಲಿ ನಮ್ಮ ಹುಡುಗಿ ಇದ್ದಾಳೆ.

ನನಗೊಂದು ದುರಭ್ಯಾಸವಿದೆ, ಓದುವುದು. ಆ ಪುಸ್ತಕವನ್ನು ಫೋನಿನಲ್ಲಿ ಹುಡುಕಿ ಓದಿದೆ. ಹಲವು ಭಾಷೆಗಳಲ್ಲಿತ್ತು, ಕನ್ನಡವಿರಲಿಲ್ಲ. ಏಣಿಯ ಮೇಲೆ ನಿಂತು ಕೊಯ್ಯಬಾರದು, ಕೊಯ್ಯುವ ಕೊಂಬೆಯ ನೇರ ಕೆಳಗೆ ನಿಲ್ಲಬಾರದು, ಅಲಗಿನ ಮೂತಿ ತಾಗಿಸಿದರೆ ಮಿಷನ್ನು ಹಿಂದಕ್ಕೆ ಒದೆಯುತ್ತದೆ, ವಿದ್ಯುತ್ ತಂತಿಯ ಹತ್ತಿರ ಹೋಗಬಾರದು, ಚೈನು ಮುಟ್ಟುವ ಮೊದಲು ಪ್ಲಗ್ ಕೀಳಬೇಕು. ಚಿತ್ರಗಳೂ ಇದ್ದವು. ಮುಖವಿಲ್ಲದ ಒಬ್ಬ ಮನುಷ್ಯ ಶಿರಸ್ತ್ರಾಣ ಧರಿಸಿ ಬಯಲಿನಲ್ಲಿ ಒಬ್ಬನೇ ಮರ ಕೊಯ್ಯುತ್ತಿದ್ದ. ಒಬ್ಬನೇ! ಅದನ್ನು ನೋಡಿದಾಗಲೇ ಈ ಪುಸ್ತಕ ನಮ್ಮೂರಿಗೆ ಒಗ್ಗುವುದಿಲ್ಲವೆಂದು ಗೊತ್ತಾಯಿತು. ನಮ್ಮಲ್ಲಿ ಒಬ್ಬ ಮರ ಕೊಯ್ದರೆ ಬೀದಿಯೆಲ್ಲ ಕೆಳಗೆ ನಿಂತು ಸಲಹೆ ಕೊಡುತ್ತದೆ. ದೂರ ನಿಲ್ಲಿ ಎಂದರೆ ಏನೋ ಮುಚ್ಚಿಡುತ್ತಿದ್ದೇವೆ ಎಂದುಕೊಳ್ಳುತ್ತದೆ.

ಆದರೂ ಭಾನುವಾರ ಬೆಳಿಗ್ಗೆ ಓದಿದ್ದನ್ನು ಒಪ್ಪಿಸಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. "ಏನವ್ವಾ, ನಿಮ್ಮ ಕಾಲೇಜ್ನಾಗೆ ಮರ ಕೊಯ್ಯಾದೂ ಕಲಿಸ್ತಾರೇನು?" ಎಂದರು. ಬೀದಿ ನಕ್ಕಿತು. ಆಮೇಲೆ ನನ್ನ ಸಮಾಧಾನಕ್ಕೆಂದು ಅಪ್ಪನಿಗೆ ತಮ್ಮ ಕಣ್ಣಿನ ಆಪರೇಷನ್ನಿನ ಕಪ್ಪು ಕನ್ನಡಕ ಹಾಕಿಸಿದರು. ಹೆಲ್ಮೆಟ್ಟಿನ ಮಾತೆತ್ತಿದಾಗ ಅದು ಪೊಲೀಸರಿಗೆ, ಮರಕ್ಕಲ್ಲ ಎಂದರು. ಕಪ್ಪು ಕನ್ನಡಕದಲ್ಲಿ ಅಪ್ಪನಿಗೆ ಕೊಂಬೆ ಸರಿಯಾಗಿ ಕಾಣದೆ ಎರಡು ಸಲ ಏಣಿ ತಪ್ಪಿತು. ಸುರಕ್ಷತೆಯ ಅಪಾಯ ಎಷ್ಟೆಂದು ನನಗೆ ಮನವರಿಕೆಯಾಗಿ ಕನ್ನಡಕ ತೆಗೆಸಿದೆ.

ಗುಂಡಿ ಸದಾ ಒತ್ತಿಕೊಂಡೇ ಇದ್ದುದರಿಂದ ಪ್ಲಗ್ ಹಾಕಿದರೆ ಮಿಷನ್ ಓಡುತ್ತಿತ್ತು, ತೆಗೆದರೆ ನಿಲ್ಲುತ್ತಿತ್ತು. ಇದು ದೋಷವೆಂದು ಯಾರಿಗೂ ಅನ್ನಿಸಲಿಲ್ಲ; ಬೆರಳಿಗೆ ನೋವಿಲ್ಲದ ಅನುಕೂಲವೆಂದೇ ಬೀಗರು ಹೇಳಿ ಕಳಿಸಿದ್ದರು. ವೈರು ಗಿಡ್ಡವೆಂದು ನಮ್ಮವರು ಇನ್ನೊಂದು ವೈರನ್ನು ಹೆಣೆದು ಪ್ಲಾಸ್ಟಿಕ್ ಸುತ್ತಿದ್ದರು. ಅದರ ಪ್ಲಗ್ಗು ನಡುಮನೆಯ ಸಾಕೆಟ್ಟಿನಲ್ಲಿ ಸಡಿಲವಾಗಿ ಕೂರುತ್ತದೆಂದು ಪಕ್ಕದಲ್ಲಿ ಬೆಂಕಿಕಡ್ಡಿ ಸಿಕ್ಕಿಸಿದ್ದರು. ದೊಡ್ಡಪ್ಪ ಅವ್ವನನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. ಹಿತ್ತಲಲ್ಲಿ ಅವರು ಹಾಕು ಎಂದರೆ ಅವ್ವ ಹಾಕಬೇಕು, ಆರಿಸು ಎಂದರೆ ಆರಿಸಬೇಕು. ಒಬ್ಬ ಮನುಷ್ಯನ ಬೆರಳು ಮಾಡಬೇಕಾದ ಕೆಲಸಕ್ಕೆ ಹೀಗೆ ನಮ್ಮ ಮನೆಯಲ್ಲಿ ಒಂದು ಇಲಾಖೆಯೇ ಏರ್ಪಟ್ಟಿತು.

ಇಲಾಖೆ ಚೆನ್ನಾಗಿಯೇ ನಡೆಯಿತು ಎನ್ನಬೇಕು. ಸಣ್ಣ ರೆಂಬೆಗಳು ನಿಜಕ್ಕೂ ಬೆಣ್ಣೆಯಂತೆ ಉದುರಿದವು. ನಾನು ಏಣಿ ಹಿಡಿದು ನಿಂತಿದ್ದೆ. ಹೇಳಿದ್ದು ಯಾರೂ ಕೇಳದಿದ್ದಾಗ ಓದಿದವರಿಗೆ ಉಳಿಯುವ ಕೆಲಸ ಅದು. ತೋರ ಕೊಂಬೆಗೆ ಅಲಗು ಅರ್ಧ ಇಳಿದಿತ್ತು, ಕರೆಂಟು ಹೋಯಿತು.

ಕರೆಂಟು ಹೋದರೆ ನಮ್ಮಲ್ಲಿ ಎಲ್ಲರ ಮೈಯೂ ಸಡಿಲವಾಗುತ್ತದೆ. ಬೀದಿ ನೆರಳಿಗೆ ಸರಿಯಿತು. ಅಪ್ಪ ಅಲಗನ್ನು ಕೊಂಬೆಯಿಂದ ಬಿಡಿಸಿಕೊಂಡು ಏಣಿಯಿಳಿದು ಕಲ್ಲಿನ ಮೇಲೆ ಕೂತರು. ಅವ್ವ ಸ್ವಿಚ್ಚು ಬಿಟ್ಟು ಟೀ ತಂದಳು. ಆರಿಸು ಎಂದು ದೊಡ್ಡಪ್ಪ ಹೇಳಿರಲಿಲ್ಲ, ತಾನೇ ಆರಿಹೋದದ್ದನ್ನು ಯಾರಾದರೂ ಯಾಕೆ ಆರಿಸಲು ಹೇಳುತ್ತಾರೆ? ಅಪ್ಪ ಅಲಗನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಚೈನಿಗೆ ಸಿಕ್ಕಿದ್ದ ಬೇವಿನ ಹಸಿ ನಾರನ್ನು ಬೆರಳಿನಿಂದ ಹಿರಿಯತೊಡಗಿದರು. ಬೀಗರ ವಸ್ತು, ಚೊಕ್ಕಟವಾಗಿ ಹೋಗಬೇಕು.

ನಾನು ಆ ಬೆರಳುಗಳನ್ನು ನೋಡಿದೆ, ಕೊಂಬನ್ನು ನೋಡಿದೆ. ಹಿತ್ತಲ ಬಾಗಿಲಿನಿಂದ ಒಳಗೆ ಹೋದ ವೈರನ್ನು ನೋಡಿದೆ.

"ಅಪ್ಪಾ, ಕೈ ತೆಗಿ," ಎಂದೆ.

"ಕರೆಂಟೇ ಇಲ್ಲ, ಯಾಕ್ ಹೆದರ್ತಿ ತಾಯಿ," ಎಂದರು ದೊಡ್ಡಪ್ಪ, ಟೀ ಹೀರುತ್ತ.

ಹೆದರಿಕೆ ಹೋದ ಕರೆಂಟಿನ ಬಗ್ಗೆ ಅಲ್ಲ, ಬರುವ ಕರೆಂಟಿನ ಬಗ್ಗೆ ಎಂದು ವಿವರಿಸಬಹುದಿತ್ತು. ನಾನು ಒಳಗೆ ಹೋಗಿ ಪ್ಲಗ್ ಕಿತ್ತೆ. ಬೆಂಕಿಕಡ್ಡಿಗಳು ನೆಲಕ್ಕುದುರಿದವು. ಅವನ್ನು ಹೆಕ್ಕಲು ಬಗ್ಗಿದ್ದೆ. ತಲೆಯ ಮೇಲಿನ ಫ್ಯಾನು ಒಮ್ಮೆ ಮುಲುಗಿ ತಿರುಗತೊಡಗಿತು. ಹಿತ್ತಲಿನಲ್ಲಿ ಏನೂ ಆಗಲಿಲ್ಲ. ಟೀ ಲೋಟ ಒಯ್ಯಲು ಬಂದಿದ್ದ ಅವ್ವ ಬಾಗಿಲಲ್ಲಿ ನಿಂತು ಫ್ಯಾನನ್ನೂ ನನ್ನ ಕೈಯಲ್ಲಿದ್ದ ಪ್ಲಗ್ಗನ್ನೂ ನೋಡಿದಳು. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಅಪಾಯ ತಪ್ಪಿಸುವವರ ಕಷ್ಟ ಇದೇ. ತಪ್ಪಿದ್ದು ಯಾರಿಗೂ ಕಾಣುವುದಿಲ್ಲ, ತಪ್ಪಿಸಿದವರ ಅಧಿಕಪ್ರಸಂಗ ಎಲ್ಲರಿಗೂ ಕಾಣುತ್ತದೆ. ಕರೆಂಟು ಬಂದರೂ ಮಿಷನ್ ಓಡಲಿಲ್ಲವೆಂದು ಹಿತ್ತಲಲ್ಲಿ ಗದ್ದಲವೆದ್ದಿತು. ಬೀಗರ ಮಿಷನ್ ಕೆಟ್ಟಿತೆಂದು ಅಪ್ಪನ ಮುಖ ಬಿಳಿಚಿತ್ತು. ಅದನ್ನು ನೆಲಕ್ಕಿಟ್ಟು, ಬರಿಗಾಲಿನಲ್ಲಿ ಒಳಗೆ ಬಂದರು. ಹಿಂದೆಯೇ ದೊಡ್ಡಪ್ಪ ಬಂದು ನನ್ನ ಕೈಯಲ್ಲಿದ್ದ ಪ್ಲಗ್ ಕಂಡರು. "ಇವಳು ಕಿತ್ತಾಳೆ ನೋಡಪ್ಪ," ಎಂದವರೇ ಅದನ್ನು ಕಸಿದುಕೊಂಡು ಸಾಕೆಟ್ಟಿಗೆ ತುರುಕಿದರು.

ಹಿತ್ತಲಲ್ಲಿ ಮಿಷನ್ ತಾನೇ ಎದ್ದಿತು. ನಾವು ಬಾಗಿಲಿಗೆ ಓಡುವಷ್ಟರಲ್ಲಿ ಅದು ಧೂಳೆಬ್ಬಿಸುತ್ತ ನೆಲದ ಮೇಲೆ ಅರ್ಧ ಸುತ್ತು ತೆವಳಿ, ಅಪ್ಪ ಕಲ್ಲಿನ ಬಳಿ ಬಿಟ್ಟುಬಂದಿದ್ದ ಎಡಗಾಲಿನ ಚಪ್ಪಲಿಯನ್ನು ಅಗಿಯುತ್ತಿತ್ತು. ಬೀದಿ ಗೋಡೆಗೆ ಅಂಟಿಕೊಂಡಿತ್ತು. ನಾನು ಮತ್ತೆ ಪ್ಲಗ್ ಕಿತ್ತೆ.

ಅಪ್ಪ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮೊದಲು ಸುಧಾರಿಸಿಕೊಂಡವರು ದೊಡ್ಡಪ್ಪ.

"ಚಪ್ಲಿ ಅಲ್ಲಿ ಯಾಕ್ ಬಿಟ್ಟಿದ್ಯೋ?" ಎಂದು ಅಪ್ಪನನ್ನು ಕೇಳಿದರು.

ನಾನು ಅವ್ವನ ಹೊಲಿಗೆಯ ಕತ್ತರಿ ತಂದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. "ನಿಮ್ಮಕ್ಕ..." ಎಂದಳು, ಅಲ್ಲಿಗೇ ನಿಲ್ಲಿಸಿದಳು. ಅಪ್ಪನ ಕೈಯನ್ನೊಮ್ಮೆ ನೋಡಿ ನನ್ನ ಕೈ ಬಿಟ್ಟಳು. ದಾರ ಕತ್ತರಿಸಿದೆ, ಗುಂಡಿ ಟಕ್ಕೆಂದು ಮೇಲೆದ್ದಿತು. ಭರಮಸಾಗರದಲ್ಲಿರುವ ಹುಡುಗಿಯ ಬಾಳು ನೋಡಬೇಕೋ ಬೇಡವೋ ಎಂದು ದೊಡ್ಡಪ್ಪ ಬೀದಿಯನ್ನು ಸಾಕ್ಷಿ ಕರೆದರು. ಕೊಂಬನ್ನು ಎಸೆಯಲು ಅವ್ವ ಬಿಡಲಿಲ್ಲ, ಅದು ಅರಿಶಿನ. ಮನೆಯಲ್ಲಿಡಲು ದೊಡ್ಡಪ್ಪ ಬಿಡಲಿಲ್ಲ, ಅದು ಕಿತ್ತ ಅರಿಶಿನ. ಹೀಗಾಗಿ ಅದು ನನ್ನ ಚೀಲ ಸೇರಿತು. ಆಮೇಲೆ ಅಪ್ಪ ಕುರಿಗಳನ್ನು ಹೊರಗೆ ಕಟ್ಟಿ, ಬೀದಿಯನ್ನು ದೂರ ಕಳಿಸಿ, ನೆಲದ ಮೇಲೆಯೇ ನಿಂತು, ಪಕ್ಕಕ್ಕೆ ಸರಿದು, ಉಳಿದ ಕೊಂಬೆಯನ್ನು ತುಂಡುತುಂಡಾಗಿ ಕೊಯ್ದಿಳಿಸಿದರು. ಯಾರ ಮಾತಿನಂತೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂಗಡಿಯಿಂದ ಬೇರೆ ಕೊಂಬು ತಂದು ಕಟ್ಟಿ ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ದೊಡ್ಡಪ್ಪ ಸಂಜೆ ಒಂದು ದಾರಿ ತೋರಿಸಿದರು. ಅಪ್ಪ ಒಪ್ಪಲಿಲ್ಲ. "ಇದ್ದಂಗೆ ಹೇಳಾಣ," ಎಂದರು. ಮಾರನೆಯ ಬೆಳಿಗ್ಗೆ ಅಲಗಿಗೆ ಗೊಬ್ಬರದ ಚೀಲ ಸುತ್ತಿ, ಅವ್ವ ಕೊಟ್ಟ ತುಪ್ಪ ಶೇಂಗಾ ಹಿಡಿದು, ಅಪ್ಪನ ಬೈಕಿನ ಹಿಂದೆ ಕೋಲನ್ನು ಈಟಿಯಂತೆ ನೆಟ್ಟಗೆ ಹಿಡಿದು ಕೂತೆ. ದಾರಿಯುದ್ದಕ್ಕೂ ಜನ ನೋಡಿದರು. ನನ್ನಂಥವಳಿಗೆ ಅದೇ ಸಾಕಷ್ಟು ಶಿಕ್ಷೆ.

ಭರಮಸಾಗರದಲ್ಲಿ ಅಕ್ಕನ ಅತ್ತೆ ಜಗಲಿಯ ಮೇಲೆ ಚೀಲ ಬಿಚ್ಚಿದರು. ಅಲಗು ನೋಡಲಿಲ್ಲ, ಚೈನು ನೋಡಲಿಲ್ಲ, ನೇರ ಹಿಡಿಯನ್ನು ನೋಡಿದರು. ಕೊಂಬೆಲ್ಲಿ ಎಂದು ಕೇಳಿದರು. ನಾನು ಕತ್ತರಿಸಿದೆ ಎಂದೆ. ಯಾಕೆಂಬುದನ್ನು ಸಾಧ್ಯವಾದಷ್ಟು ಕಡಿಮೆ ಮಾತಿನಲ್ಲಿ ಹೇಳಿದೆ. ಅಪ್ಪ ತಲೆ ತಗ್ಗಿಸಿ ಹೊಸ ಚಪ್ಪಲಿ ನೋಡುತ್ತ ಕೂತಿದ್ದರು. ನಮ್ಮ ಮನೆಯಲ್ಲಿ ಇಷ್ಟು ದಿನ ಯಾರಿಗೂ ಏನೂ ಆಗಿಲ್ಲವಲ್ಲ ಎಂದು ಅಕ್ಕನ ಮಾವ ಒಳಗಿನಿಂದಲೇ ಅಂದರು. ಅತ್ತೆ ಎದ್ದು ಹೋಗಿ ಹೊಸದೊಂದು ಕೊಂಬು, ಅರಿಶಿನ ಹಚ್ಚಿದ ದಾರ ತಂದು ಕೂತರು. ಮಿಷನ್ನು ನಾಳೆ ಹೊಸದುರ್ಗಕ್ಕೆ ಹೋಗಬೇಕಂತೆ, ಅವರ ಮಗಳ ಮನೆಗೆ, ಬರಿದಾಗಿ ಕಳಿಸಲಿಕ್ಕಾಗುತ್ತದೆಯೇ. ಕೊಂಬನ್ನು ಅದೇ ಗುಂಡಿಯ ಮೇಲಿಟ್ಟು ಮೊದಲ ಸುತ್ತು ಸುತ್ತಿದರು.

ಅಕ್ಕ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಡೆದದ್ದನ್ನೆಲ್ಲ ಅವಳು ಕೇಳಿಸಿಕೊಂಡದ್ದು ಆಗಲೇ. ನಾನು ಬಾಯಿ ತೆರೆಯುವವಳಿದ್ದೆ, ಅವಳು ನನ್ನ ಕಡೆ ನೋಡಿ ಬೇಡವೆಂಬಂತೆ ತಲೆಯಾಡಿಸಿದಳು.

"ಅಲ್ಲಿ ಬ್ಯಾಡ ಅತ್ತೆ," ಎಂದಳು. "ಅಲ್ಲಿ ಕಟ್ಟಿದ್ರೆ ಅದು ತಾನೇ ಓಡ್ತೈತೆ. ಕೋಲಿನ ನಡುವಿಗೆ ಕಟ್ರಿ."

ಒಳಗೆ ಮಾವ ಕೆಮ್ಮಿದರು. ಅತ್ತೆಯ ಕೈ ನಿಂತಿತು. ಅವರು ಸೊಸೆಯನ್ನು ನೋಡಿದರು, ಮೊದಲ ಸಲ ಕಂಡವರಂತೆ ಬಹಳ ಹೊತ್ತು ನೋಡಿದರು. ಆಮೇಲೆ ಸುತ್ತಿದ್ದ ದಾರವನ್ನು ಬಿಚ್ಚಿ, ಕೊಂಬಿನ ಸಮೇತ ಅವಳ ಕಡೆ ಚಾಚಿದರು.

"ಹಂಗಾದ್ರೆ ನೀನೇ ಕಟ್ಟು."

ಅದು ಸಿಟ್ಟೋ ಒಪ್ಪಿಗೆಯೋ ನನಗೆ ತಿಳಿಯಲಿಲ್ಲ. ಅಕ್ಕ ತಟ್ಟೆಯನ್ನು ನೆಲಕ್ಕಿಟ್ಟು, ಸೆರಗು ಸಿಕ್ಕಿಸಿ, ಕೋಲನ್ನು ಮಡಿಲಿಗೆಳೆದುಕೊಂಡು ಕಟ್ಟತೊಡಗಿದಳು. ಟೀ ಆರುತ್ತಿತ್ತು.